ಪೆಟ್ಟಿಗೆ ತುಂಬುವ ಚಟ ಮತ್ತು ಒಂದು ಹಡಗಿನ ಕೋಣೆ

ಚಿಕ್ಕಬಳ್ಳಾಪುರಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣ ಇಷ್ಟು ಹತ್ತಿರವಿರುವುದರಿಂದಲೋ ಏನೋ, ನಮ್ಮೂರಿನ ನಿವೃತ್ತ ದಂಪತಿಗಳು ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಡುವುದು ಈಗ ತಿರುಪತಿಗೆ ಹೊರಟಷ್ಟೇ ಸಹಜವಾಗಿದೆ. ಹೋದವರನ್ನು ಮಕ್ಕಳು ಹಡಗಿನ ಪ್ರವಾಸಕ್ಕೂ ಕಳುಹಿಸುತ್ತಾರೆ. ನಾನೂ ನನ್ನ ಪತ್ನಿಯೂ ಕಳೆದ ಅಕ್ಟೋಬರಿನಲ್ಲಿ ಬಾಸ್ಟನ್ನಿನಿಂದ ಹೊರಟು ಮೇನ್ ರಾಜ್ಯದ ಬಾರ್ ಹಾರ್ಬರ್, ಕೆನಡಾದ ಸೇಂಟ್ ಜಾನ್ ಮತ್ತು ಹ್ಯಾಲಿಫ್ಯಾಕ್ಸ್ ಬಂದರುಗಳನ್ನು ನೋಡಿ ಮರಳುವ ಏಳು ದಿನಗಳ ಯಾನ ಮಾಡಿ ಬಂದೆವು. ಈ ವರ್ಷ ಹೊರಡಲಿರುವ ಇಬ್ಬರು ಸ್ನೇಹಿತರು ಏನೇನು ತೆಗೆದುಕೊಂಡು ಹೋಗಬೇಕೆಂದು ಕೇಳಿದ್ದಾರೆ. ಏನೇನನ್ನು ಬಿಟ್ಟು ಹೋಗಬೇಕೆಂದು ಅವರು ಕೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ವಿಮಾನದವರು ತಲಾ 23 ಕಿಲೋ ತೂಕದ ಎರಡು ಪೆಟ್ಟಿಗೆ ಒಯ್ಯಬಹುದು ಎಂದರೆ, ನಮ್ಮ ಕಿವಿಗೆ ಅದು ಒಯ್ಯಲೇಬೇಕು ಎಂದು ಕೇಳಿಸುತ್ತದೆ. ಪೆಟ್ಟಿಗೆ 22 ಕಿಲೋ ತೂಗಿದ ರಾತ್ರಿ ನಮ್ಮ ಮನೆಯಲ್ಲಿ, ಇನ್ನೊಂದು ಕಿಲೋ ರಾಗಿ ಹುರಿಹಿಟ್ಟಿಗೆ ಜಾಗವಾಯಿತೆಂದು ಸಂಭ್ರಮಪಟ್ಟವನು ನಾನೇ. ಮಗಳ ಮನೆಯಲ್ಲಿ ಅರ್ಧದಷ್ಟು ಇಳಿಸಿದ ಮೇಲೂ ಎರಡು ದೊಡ್ಡ ಸೂಟ್‌ಕೇಸುಗಳು ಹಡಗನ್ನೇರಿದವು. ಹಡಗಿನ ಕೋಣೆ ನಮ್ಮ ಅಡುಗೆಮನೆಗಿಂತ ಸ್ವಲ್ಪ ದೊಡ್ಡದಿರಬಹುದು, ಅಷ್ಟೆ. ಖಾಲಿ ಸೂಟ್‌ಕೇಸು ಮಂಚದ ಕೆಳಗೆ ಸರಿಯುತ್ತದೆ. ಆದರೆ ನಮ್ಮವು ಖಾಲಿಯಾಗುವುದೆಲ್ಲಿಂದ ಬಂತು? ಒಳಗಿದ್ದ ಬಟ್ಟೆಗೆ ಕಪಾಟಿನಲ್ಲಿ ಜಾಗವಿರಲಿಲ್ಲ. ವಾರವಿಡೀ ಬಚ್ಚಲಿಗೆ ಹೋಗುವಾಗಲೆಲ್ಲ ಪೆಟ್ಟಿಗೆಗಳನ್ನು ದಾಟಿಕೊಂಡೇ ಹೋದೆವು.

ಜಾಗವನ್ನೆಲ್ಲ ನುಂಗಿದ್ದು ಚಳಿಯ ಭಯದಿಂದ ಕೊಂಡ ಎರಡು ದಪ್ಪ ಜಾಕೆಟ್ಟುಗಳು. ನಮ್ಮ ಪಂಚಾಂಗದ ಶರದೃತುವೂ ಅವರ ಎಲೆ ಉದುರುವ ಕಾಲವೂ ಒಂದೇ ಹೊತ್ತಿಗೆ ಬಂದರೂ, ಅಲ್ಲಿ ಅಕ್ಟೋಬರಿನ ಹಗಲು ಸುಮಾರು 12ರಿಂದ 15 ಡಿಗ್ರಿಯಲ್ಲಿದ್ದು ರಾತ್ರಿ 5ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಆ ಅಂಕಿಗಿಂತ ಗಾಳಿಯ ಲೆಕ್ಕವೇ ದೊಡ್ಡದು. ಬಾರ್ ಹಾರ್ಬರಿನ ಕ್ಯಾಡಿಲಾಕ್ ಬೆಟ್ಟ ಕೇವಲ 466 ಮೀಟರ್ ಎತ್ತರವಿದ್ದು, 1,478 ಮೀಟರಿನ ನಮ್ಮ ನಂದಿಯ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಆದರೂ ಅಟ್ಲಾಂಟಿಕ್ಕಿನಿಂದ ನೇರವಾಗಿ ಬೀಸುವ ಗಾಳಿಗೆ ಅಲ್ಲಿ ನಿಂತಾಗ, ನಸುಕಿನಲ್ಲಿ ನಂದಿಯ ಮೇಲೆ ಕಿವಿ ಮುಚ್ಚಿಕೊಂಡು ನಿಂತದ್ದು ಏನೂ ಅಲ್ಲವೆನ್ನಿಸಿತು. ಹತ್ತು ನಿಮಿಷದ ನಂತರ ಬಸ್ಸಿನೊಳಗೆ ಕುಳಿತರೆ ಸೆಖೆ. ಇಂಥ ಕಡೆ ದಪ್ಪ ಜಾಕೆಟ್ಟು ತೊಟ್ಟರೆ ಬೆವರು, ಬಿಚ್ಚಿದರೆ ನಡುಕ.

ಸಾಕಾದದ್ದು ಮೂರು ತೆಳುವಾದ ಪದರಗಳು: ಮೈಗಂಟುವ ಒಂದು ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್, ಹೊರಗೆ ಗಾಳಿಯನ್ನೂ ಮಳೆಯನ್ನೂ ತಡೆಯುವ ಹಗುರವಾದ ಜಾಕೆಟ್. ಪದರಗಳ ನಡುವೆ ಸಿಕ್ಕಿಬೀಳುವ ಗಾಳಿಯೇ ಬೆಚ್ಚಗಿಡುವುದರಿಂದ, ಒಂದೊಂದಾಗಿ ಬಿಚ್ಚಲೂ ತೊಡಲೂ ಬರುವ ಇವುಗಳ ಮುಂದೆ ಒಂದೇ ದಪ್ಪ ಕೋಟು ನಿಲ್ಲಲಾರದು. ಬೆವರು ಹೀರಿದ ಹತ್ತಿಯ ಬನಿಯನ್ ಒಣಗದೆ ಮೈಗೆ ತಣ್ಣಗೆ ಅಂಟಿಕೊಳ್ಳುತ್ತದೆ. ಉಣ್ಣೆ ಸ್ವಲ್ಪ ತೇವವಾದರೂ ಬೆಚ್ಚಗಿರುತ್ತದೆ. ಕುರಿಯ ಕಂಬಳಿ ಹೊದ್ದು ಜಡಿಮಳೆಯಲ್ಲಿ ಹೊಲಕ್ಕೆ ಹೋಗುತ್ತಿದ್ದ ನಮ್ಮ ತಾತನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಹಡಗಿನಲ್ಲಿ ಒಂದೆರಡು ಸಂಜೆ ಊಟಕ್ಕೆ ಅಲಂಕರಿಸಿಕೊಂಡು ಬರುವ ವಾಡಿಕೆಯಿದೆ. ಅದಕ್ಕೆಂದು ಬೇರೆಯವರು ಗೌನು, ಸೂಟು ಎಂದು ಹೊತ್ತು ತಂದಿದ್ದರೆ ನನ್ನ ಪತ್ನಿ ಒಂದೇ ರೇಷ್ಮೆ ಸೀರೆಯಲ್ಲಿ ಎರಡು ಸಂಜೆಗಳನ್ನೂ ಕಳೆದಳು. ಮಡಿಸಿದರೆ ಪುಸ್ತಕದಷ್ಟಾಗುವ, ಉಟ್ಟರೆ ಬೆಚ್ಚಗಿರುವ ಉಡುಪು ಅದಕ್ಕಿಂತ ಬೇರೊಂದಿಲ್ಲ; ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ನೋಡುತ್ತ ಬೆಳೆದವರ ಪಕ್ಷಪಾತವೆಂದರೂ ಸರಿಯೇ.

ಪಾದರಕ್ಷೆಯ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಬಾರದು. ಸೇಂಟ್ ಜಾನ್ ಇರುವ ಫಂಡಿ ಕೊಲ್ಲಿಯ ಉಬ್ಬರವಿಳಿತ ಜಗತ್ತಿನಲ್ಲೇ ಅತಿ ಹೆಚ್ಚಿನದು, ಕೊಲ್ಲಿಯ ತುದಿಯಲ್ಲಿ 16 ಮೀಟರಿನವರೆಗೂ ಹೋಗುತ್ತದೆ. ನೀರಿನೊಂದಿಗೆ ಹಡಗೂ ಏರಿಳಿಯುವುದರಿಂದ, ಬೆಳಿಗ್ಗೆ ಸಲೀಸಾಗಿ ಇಳಿದುಹೋದ ಏಣಿಹಾದಿ ಸಂಜೆಗೆ ಕಡಿದಾಗಿರಬಹುದು, ಮೇಲೆ ಮಳೆಯೂ ಬಿದ್ದಿರಬಹುದು. ಜಾರದ ಅಟ್ಟೆಯ, ಈಗಾಗಲೇ ತೊಟ್ಟು ಪಳಗಿಸಿದ ಒಂದು ಜೊತೆ ಶೂ ಕಾಲಲ್ಲೇ ಇರಲಿ.

ಇನ್ನು ನಮ್ಮ ನಿಜವಾದ ತಪ್ಪು. ಬಂದರಿನಲ್ಲಿ ಒಪ್ಪಿಸಿದ ದೊಡ್ಡ ಪೆಟ್ಟಿಗೆಗಳು ಕೋಣೆಯ ಬಾಗಿಲಿಗೆ ಬರುವಾಗ ಸಂಜೆಯಾಗುತ್ತದೆ. ನಮ್ಮವು ಬಂದದ್ದು ರಾತ್ರಿ ಊಟದ ನಂತರ. "ರೀ, ಬಿಪಿ ಮಾತ್ರೆ ಪೆಟ್ಟಿಗೆಯಲ್ಲೇ ಹೋಯ್ತಲ್ಲ" ಎಂದು ಆಕೆ ಹೇಳಿದಾಗ ಮಧ್ಯಾಹ್ನ ಮೂರು ಗಂಟೆ. ಆ ಐದಾರು ಗಂಟೆ ನಾನು ಸಮುದ್ರವನ್ನು ನೋಡಲೇ ಇಲ್ಲ, ಹೊರಸಾಲನ್ನೇ ನೋಡುತ್ತ ಕುಳಿತಿದ್ದೆ. ಮಾತ್ರೆ, ಕನ್ನಡಕ, ಪಾಸ್‌ಪೋರ್ಟು, ಅಮೆರಿಕ ಮತ್ತು ಕೆನಡಾ ಎರಡರ ವೀಸಾ, ಒಂದು ಸ್ವೆಟರ್ ಇವು ಕೈಚೀಲದಲ್ಲೇ ಇರಬೇಕು. ಕೊನೆಯ ರಾತ್ರಿಯೂ ಹಾಗೆಯೇ: ಪೆಟ್ಟಿಗೆಗಳನ್ನು ಬಾಗಿಲಾಚೆ ಇಟ್ಟುಬಿಡುವ ಮುನ್ನ ಮರುದಿನದ ಬಟ್ಟೆಯನ್ನು ತೆಗೆದಿಟ್ಟುಕೊಳ್ಳದವರು ಪೈಜಾಮದಲ್ಲೇ ಇಳಿಯಬೇಕಾಗುತ್ತದೆ. ಪೆಟ್ಟಿಗೆಯನ್ನು ಬೇರೆಯವರ ಕೈಗೆ ಕೊಡದೆ ತಾವೇ ಎಳೆದುಕೊಂಡು ಇಳಿಯುವ ಅವಕಾಶವೂ ಇರುತ್ತದೆ. ಅದು ಹಗುರ ಪೆಟ್ಟಿಗೆಯವರಿಗೆ ಮಾತ್ರ ಒದಗುವ ಭಾಗ್ಯ.

ಬೆಂಕಿಯ ಭಯದಿಂದ ಇಸ್ತ್ರಿಪೆಟ್ಟಿಗೆಯನ್ನೂ ನೀರು ಕಾಯಿಸುವ ಕೆಟಲನ್ನೂ ಹಡಗಿನೊಳಗೆ ಬಿಡುವುದಿಲ್ಲ. ಮನೆಯಲ್ಲಿ ಮಾಡಿದ ತಿನಿಸಿಗೂ ಹಲವು ಹಡಗುಗಳಲ್ಲಿ ತಡೆಯಿದೆ, ಕಂಪನಿಯ ಮೊಹರಿದ್ದ ಪೊಟ್ಟಣವಾದರೆ ತಕರಾರಿಲ್ಲ. ನಮ್ಮ ಹುರಿಹಿಟ್ಟೂ ಚಟ್ನಿಪುಡಿಯೂ ಹೀಗಾಗಿ ಮಗಳ ಮನೆಯಲ್ಲೇ ಉಳಿದವು. ಆ ಕೊರಗಿನಲ್ಲೇ ಹ್ಯಾಲಿಫ್ಯಾಕ್ಸಿನಲ್ಲಿ ಇಳಿದು, ಬಂದರಿನ ಪಕ್ಕದ ಪಿಯರ್ 21 ವಸ್ತುಸಂಗ್ರಹಾಲಯಕ್ಕೆ ಹೋದೆವು. 1928ರಿಂದ 1971ರವರೆಗೆ ಸುಮಾರು ಹತ್ತು ಲಕ್ಷ ವಲಸಿಗರು ಕೆನಡಾಕ್ಕೆ ಕಾಲಿಟ್ಟ ಜಾಗವದು. ಯೂರೋಪಿನಿಂದ ಬಂದ ತಾಯಂದಿರು ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತಂದ ಸಾಸೇಜು ಮುಂತಾದ ತಿನಿಸನ್ನು ಅಲ್ಲಿನ ಕಸ್ಟಮ್ಸ್ ಅಧಿಕಾರಿಗಳು ಕಿತ್ತಿಡುತ್ತಿದ್ದರಂತೆ. ಅದನ್ನು ಕೇಳಿ ನನ್ನ ಪತ್ನಿ ಬಹಳ ಹೊತ್ತು ಸುಮ್ಮನಿದ್ದು, "ಪಾಪ, ಅವರದೂ ಮನೆಯಲ್ಲೇ ಮಾಡಿದ್ದಿರಬೇಕು" ಎಂದಳು.