ಹಾಸ್ಟೆಲ್ ನಾಯಿಗಳ ಮೈಕಟ್ಟು

ಬಳ್ಳಾರಿಯಲ್ಲಿ ಸಂಜೆ ಐದಾದರೆ ಹೊಟ್ಟೆ ಕೇಳುವುದು ಒಂದೇ, ಒಗ್ಗರಣೆ ಮಿರ್ಚಿ. ಕಳೆದ ವಾರ ಎಂ.ಎಸ್ಸಿ. ಓದುತ್ತಿರುವ ಅಕ್ಕನ ಮಗನನ್ನು ಬಂಡಿ ಹತ್ತಿರ ಕರೆದುಕೊಂಡು ಹೋದೆ. ಮಂಡಕ್ಕಿ ಒಗ್ಗರಣೆ ಬಂತು, ಮೇಲೆ ಪುಟಾಣಿ ಹಿಟ್ಟು, ಪಕ್ಕದಲ್ಲಿ ಎರಡು ಮಿರ್ಚಿ. ಅಳಿಯ ಕೈ ಹಾಕಲಿಲ್ಲ. ಬಂಡಿಯವನ ವಿಚಾರಣೆ ಶುರು ಮಾಡಿದ.

“ಅಣ್ಣಾ, ಎಣ್ಣಿ ಕೋಲ್ಡ್ ಪ್ರೆಸ್ಡಾ?”

ಬಂಡಿಯವನು ಬಾಣಲೆ ನೋಡಿದ, ಇವನ ಮುಖ ನೋಡಿದ. “ಕುದಿಯಾಕತ್ತೈತಲ್ಲೋ ತಮ್ಮಾ, ಕೋಲ್ಡ್ ಹೆಂಗಾಕ್ಕೈತಿ?”

ನಾನು ನಾಲ್ಕು ಮಿರ್ಚಿ ತಿಂದೆ.

ಆಮೇಲೆ ಅವನ ಹಾಸ್ಟೆಲ್ ರೂಮಿಗೆ ಹೋದೆವು. ಮೇಜಿನ ಮೇಲೆ ಅಂಗೈಯಗಲದ ಡಿಜಿಟಲ್ ತಕ್ಕಡಿ. ಹುಡುಗ ಬಂಗಾರದ ವ್ಯಾಪಾರಕ್ಕೆ ಇಳಿದನೇನೋ ಅಂದುಕೊಂಡೆ. ಶೇಂಗಾ ತೂಗಲು ಕೂತ. 30 ಗ್ರಾಂ ಲೆಕ್ಕ. ಒಂದು ಕಾಳು ಜಾಸ್ತಿಯಾಯಿತು, ತೆಗೆದ. ಕಡಿಮೆಯಾಯಿತು. ಅದೇ ಕಾಳನ್ನು ಹೋಳು ಮಾಡಿ ಅರ್ಧ ಹಾಕಿದ. ಲ್ಯಾಬಿನಲ್ಲಿ ಇಷ್ಟು ಚೆನ್ನಾಗಿ ತೂಗಿದ್ದರೆ ಹೋದ ವರ್ಷದ ಪ್ರಾಕ್ಟಿಕಲ್ ಉಳಿಯುತ್ತಿರಲಿಲ್ಲ, ಅಲ್ವಾ?

ಅಕ್ಕ ಕಳಿಸುವ ಜೋಳದ ರೊಟ್ಟಿಗೆ ಮಾತ್ರ ರೂಮಿನೊಳಗೆ ಪ್ರವೇಶ ಇದೆ. 2023ರಲ್ಲಿ ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಆಚರಿಸಿದ ಮೇಲೆ ಸಿಕ್ಕ ಮರ್ಯಾದೆ ಅದು. ಅಲ್ಲಿಯವರೆಗೆ ಪಾಪ, ಸುಮ್ನೆ ಹೊಟ್ಟೆ ತುಂಬಿಸುತ್ತಿತ್ತು. ರೊಟ್ಟಿ ಜೊತೆ ಬಂದ ಎಣ್ಣೆಗಾಯಿ ಬಾಗಿಲಿನಿಂದಲೇ ವಾಪಸ್. ಈ ಸಲ ಯುಗಾದಿಗೆ ಬೇವು ತಿಂದ, ಬೆಲ್ಲ ಬಿಟ್ಟ.

ಈ ಹುಚ್ಚಿಗೆ ಹೆಸರೂ ಇದೆ, ಆರ್ಥೊರೆಕ್ಸಿಯಾ. 1997ರಲ್ಲಿ ಸ್ಟೀವನ್ ಬ್ರಾಟ್‌ಮನ್ ಎಂಬ ಅಮೆರಿಕದ ವೈದ್ಯರು ಇಟ್ಟದ್ದು. ಗ್ರೀಕ್ ಭಾಷೆಯಲ್ಲಿ ಆರ್ಥೋಸ್ ಅಂದರೆ ಸರಿ, ಒರೆಕ್ಸಿಸ್ ಅಂದರೆ ಹಸಿವು. ಸರಿಯಾದದ್ದನ್ನೇ ತಿನ್ನುತ್ತೇನೆ ಅಂತ ಹಟ ಹಿಡಿದು, ಕೊನೆಗೆ ಸರಿಯಾಗಿ ಊಟವನ್ನೇ ಮಾಡದಿರುವುದು. ಆ ವೈದ್ಯರೂ ಒಂದು ಕಾಲದಲ್ಲಿ ಇದೇ ಗಿರಾಕಿ. ಒಂದೊಂದು ತುತ್ತನ್ನೂ 50 ಸಲ ಅಗಿಯುತ್ತಿದ್ದರಂತೆ. ಕಿತ್ತು 15 ನಿಮಿಷ ದಾಟಿದ ತರಕಾರಿ ಮುಟ್ಟುತ್ತಿರಲಿಲ್ಲವಂತೆ. ನಮ್ಮ ಹುಡುಗರ ಮೆಸ್ಸಿಗೆ ಬರುವ ಬದನೆಕಾಯಿ ನೋಡಿದ್ದರೆ ಅಲ್ಲೇ ಎಚ್ಚರ ತಪ್ಪುತ್ತಿದ್ದರೇನೋ. ಅಮೆರಿಕದ ಮನೋರೋಗಗಳ ಕೈಪಿಡಿ ಡಿಎಸ್‌ಎಂ-5 ಇದಕ್ಕೆ ಕಾಯಿಲೆ ಅಂತ ಬೇರೆ ಜಾಗ ಕೊಟ್ಟಿಲ್ಲ.

ಇದನ್ನೆಲ್ಲ ಅಳಿಯನಿಗೆ ಹೇಳಿದೆ. ಗಾಬರಿಯಾಗಲಿ ಅಂತಲೇ ಹೇಳಿದ್ದು. ರಾತ್ರಿ ಇನ್‌ಸ್ಟಾಗ್ರಾಂ ತೆಗೆದು ನೋಡಿದರೆ ಹೆಸರಿನ ಕೆಳಗೆ ಹಾಕಿಕೊಂಡಿದ್ದಾನೆ: ‘ಎಂ.ಎಸ್ಸಿ., ಆರ್ಥೊರೆಕ್ಸಿಯಾ’.

ಏಪ್ರಿಲ್‌ನಲ್ಲಿ ಒಮ್ಮೆ ತಲೆ ತಿರುಗಿ ಬಿದ್ದಿದ್ದ. ನಮ್ಮೂರ ಬಿಸಿಲು ಗೊತ್ತಲ್ಲ, ಅದರ ಮೇಲೆ ಖಾಲಿ ಹೊಟ್ಟೆ. ಗೆಳೆಯ ಓಡಿಹೋಗಿ ಎಳನೀರು ತಂದು ಬಾಯಿಗೆ ಹಿಡಿದರೆ, ಕಣ್ಣು ಮುಚ್ಚಿಕೊಂಡೇ ಕೇಳಿದನಂತೆ, “ಇದ್ರಾಗ ಸಕ್ಕರಿ ಎಷ್ಟೈತಿ?”

ಇಲ್ಲಿಯವರೆಗೆ ನಗಬಹುದು. ಮೊಟ್ಟೆ ವಿಷಯ ಬಂದರೆ ನನಗೆ ನಗು ಬರುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಸೇರಿ 7 ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದರು. ಈ ಕಡೆಯ ಮಕ್ಕಳಲ್ಲಿ ಅಪೌಷ್ಟಿಕತೆ, ರಕ್ತಹೀನತೆ ಜಾಸ್ತಿ ಅಂತ. ಆಗಲೂ ಕೊಡಬೇಕು, ಬೇಡ ಅಂತ ಎಷ್ಟು ಗದ್ದಲ! ಕೊಪ್ಪಳ ಜಿಲ್ಲೆಯ ಶಾಲಾ ಹುಡುಗಿಯೊಬ್ಬಳು ನಮಗೆ ಮೊಟ್ಟೆ ಬೇಕೇ ಬೇಕು ಅಂತ ಜೋರು ಮಾಡಿದ ವಿಡಿಯೊ ರಾಜ್ಯವೆಲ್ಲ ಸುತ್ತಿತು.

ಅದೇ ನಾಡಿನ ಹಾಸ್ಟೆಲ್‌ನಲ್ಲಿ ಮೊಟ್ಟೆಯ ದಿನ ನಾನೇ ಕೂತು ನೋಡಿದೆ. ಒಬ್ಬೊಬ್ಬರೂ ಆಪರೇಷನ್ ಮಾಡುವ ಡಾಕ್ಟರ ಥರ ಮೊಟ್ಟೆ ಸೀಳಿ, ಬಿಳಿ ತಿಂದು, ಹಳದಿಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಾರೆ. ಎ, ಡಿ ವಿಟಮಿನ್ ಇರುವುದೇ ಆ ಹಳದಿಯಲ್ಲಿ. ಮೆಸ್ಸಿನ ಅಕ್ಕ ಅದನ್ನೆಲ್ಲ ಬಕೆಟ್‌ಗೆ ಬಳಿದುಕೊಂಡು ಹಿಂದಿನ ಗೋಡೆ ಹತ್ತಿರ ಸುರಿದು ಬಂದಳು. ಅಲ್ಲಿ ಐದು ನಾಯಿಗಳು ಸಾಲಾಗಿ ಕಾಯುತ್ತಿದ್ದವು. ಬೀದಿ ನಾಯಿಗಳು ಅಂದರೆ ಯಾರೂ ನಂಬುವುದಿಲ್ಲ, ಕೂದಲು ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು.

ಅಳಿಯ ಕಿಟಕಿಗೆ ಬಂದು ನಿಂತ. ಅವನ ಟೀ ಶರ್ಟು ಹ್ಯಾಂಗರಿಗೆ ಹಾಕಿದಂತೆ ಜೋತಾಡುತ್ತಿತ್ತು.

“ಮಾಮಾ, ಆ ಕರಿ ನಾಯಿ ಭುಜ ನೋಡ್ರಿ” ಅಂದ. “ಏನ್ ತಿಂತೈತೋ ಏನೋ.”