ಬಣ್ಣ ಅಳಿಸಿದ ಮಾತ್ರಕ್ಕೆ ಕಪ್ಪು-ಬಿಳುಪು ಆಗುವುದಿಲ್ಲ

ಕಾಸರಗೋಡಿನ ಬೇಕಲ ಕೋಟೆಯ ಕಡೆ ಇಂದು ನಡೆದ ‘ಫಿಲ್ಮ್ ಛಾಯಾಗ್ರಹಣ ಶಿಬಿರ’ಕ್ಕೆ ಹೋಗಿ ಬಂದೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದುಕೊಂಡಿದ್ದೆ. ಊಟವಾಯಿತು, ಇಳಿಯಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಮೇಜಿನ ಮೇಲೆ ಹಳೆಯ ಕ್ಯಾಮೆರಾಗಳನ್ನು ಆಯುಧಪೂಜೆಗೆ ಇಟ್ಟ ಹಾಗೆ ಸಾಲಾಗಿ ಜೋಡಿಸಿದ್ದರು. ಮೈಸೂರಿನ ಹೆಸರಾಂತ ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಆರಂಭಿಸಿದಾಗ ನಾನೂ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಆಮೇಲೆ ಕ್ಯಾಮೆರಾ ಹಿಡಿಯುವುದು, ರೋಲ್ ಹಾಕುವುದು, ಕೋಟೆಯ ಮುಂದೆ ಗುಂಪು ಫೋಟೋ. ತೆಗೆದ ರೋಲನ್ನು ರಾಸಾಯನಿಕಗಳಲ್ಲಿ ತೊಳೆದು ಚಿತ್ರ ಮೂಡಿಸುವುದನ್ನು ಯಾವಾಗ ಕಲಿಸುತ್ತೀರಿ ಎಂದು ಶಿಬಿರ ನಡೆಸುವವರನ್ನು ಕೇಳಿದೆ. “ಅದಕ್ಕೆಲ್ಲ ಯಾಕೆ ತಲೆಬಿಸಿ ಮಾಷ್ಟ್ರೇ, ಕೊರಿಯರ್ ಮಾಡಿದರೆ ಸ್ಕ್ಯಾನ್ ಮಾಡಿ ಮೊಬೈಲಿಗೇ ಕಳುಹಿಸುತ್ತಾರೆ” ಎಂದರು. ಅಷ್ಟರಲ್ಲಿ ಒಬ್ಬರು ಮೊಬೈಲಿನಲ್ಲಿ ಕೋಟೆಯ ಚಿತ್ರ ತೆಗೆದು, ಬಣ್ಣ ಅಳಿಸಿ, ಮೇಲೊಂದಿಷ್ಟು ಫಿಲ್ಮಿನಲ್ಲಿ ಕಾಣುವಂಥ ಕಾಳು ಉದುರಿಸಿ, “ಇದೂ ಅದೇ ಅಲ್ಲವೇ?” ಎಂದರು. ಚಪ್ಪಾಳೆ!

ಅದೇ ಅಲ್ಲ.

ಬೇಕಲದ ಮುರಕಲ್ಲಿನ ಗೋಡೆಯನ್ನೇ ನೋಡಿ. ಕೆಂಪು ಕಲ್ಲು, ಹಿಂದೆ ನೀಲಿ ಆಕಾಶ. ಕಪ್ಪು-ಬಿಳುಪು ಫಿಲ್ಮಿಗೆ ನೀಲಿಯ ಮೇಲೆ ಒಲವು ಹೆಚ್ಚು. ಸುಮ್ಮನೆ ತೆಗೆದರೆ ಆಕಾಶ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ, ಮೋಡ ಕಾಣುವುದೇ ಇಲ್ಲ. ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಹಾಕಿದರೆ ಮೋಡ ಎದ್ದು ಬರುತ್ತದೆ. ಕಡು ಕೆಂಪು ಹಾಕಿದರೆ ಆಕಾಶ ಕಪ್ಪಾಗಿ ಕಲ್ಲು ಬೆಳಗುತ್ತದೆ, ಅದಕ್ಕೆ ಸುಮಾರು 3 ಸ್ಟಾಪ್, ಅಂದರೆ ಎಂಟು ಪಟ್ಟು, ಬೆಳಕು ಹೆಚ್ಚು ಕೊಡಬೇಕು. ಅದೇ ಕೆಂಪು ಗಾಜಿನಲ್ಲಿ ನಮ್ಮ ಕಡೆಯ ದೈವಾರಾಧನೆಯಾದ ತೆಯ್ಯದ ವೇಷವನ್ನು ತೆಗೆದು ನೋಡಿ: ಉರಿಯುವ ಕೆಂಪು ಬಟ್ಟೆ ಮಾಸಲು ಬಿಳಿಯಾಗಿ, ದೈವವೇ ಬೇರೆಯಾಗಿಬಿಡುತ್ತದೆ. ಯಾವ ಬಣ್ಣ ಯಾವ ಬೂದು ಛಾಯೆಯಾಗಬೇಕು ಎಂಬುದನ್ನು ಗುಂಡಿ ಒತ್ತುವ ಮೊದಲೇ ತೀರ್ಮಾನಿಸಬೇಕು. ಕಂಪ್ಯೂಟರಿನಲ್ಲಿ ಇದನ್ನೆಲ್ಲ ಆಮೇಲೆ ಮಾಡಬಹುದು ಎನ್ನುತ್ತೀರಿ. ಮಾಡಬಹುದು, ಸಂತೋಷ. ಹಾಗಿದ್ದರೆ ಶಿಬಿರಕ್ಕೆ ಕಂಪ್ಯೂಟರಿನ ಹೆಸರಿಡಿ, ಫಿಲ್ಮಿನ ಹೆಸರೇಕೆ?

ಇನ್ನು ತೊಳೆಯುವ ವಿಚಾರ. ಅದನ್ನು ಕಲಿಸದೆ ಫಿಲ್ಮ್ ಕಲಿಸಿದೆ ಎನ್ನುವವರ ಮೇಲೆ ನನಗೆ ನಿಜವಾಗಿ ಕೋಪವಿದೆ. ಚಿತ್ರ ಮೂಡಿಸುವ ರಾಸಾಯನಿಕವಾದ ಡೆವಲಪರಿನಲ್ಲಿ ಫಿಲ್ಮ್ ಇರಬೇಕಾದ ಹೊತ್ತನ್ನೆಲ್ಲ ಪುಸ್ತಕದಲ್ಲಿ 20 ಡಿಗ್ರಿ ಸೆಲ್ಸಿಯಸ್‌ಗೆ ಕೊಟ್ಟಿರುತ್ತಾರೆ. ಎಚ್‌ಪಿ5 ಫಿಲ್ಮಿಗೆ ಐಡಿ-11 ಡೆವಲಪರನ್ನು ನೀರು ಬೆರೆಸದೆ ಬಳಸಿದರೆ ಏಳೂವರೆ ನಿಮಿಷ. ನಮ್ಮ ಕಾಸರಗೋಡಿನ ಏಪ್ರಿಲಿನಲ್ಲಿ ತಾರಸಿಯ ಟ್ಯಾಂಕಿನ ನೀರು 20 ಡಿಗ್ರಿ ಇರುತ್ತದೆಯೇ? ಮುಖ ತೊಳೆದರೆ ಸುಡುತ್ತದೆ. ನೀರು ಬಿಸಿ ಇದ್ದಷ್ಟು ಹೊತ್ತು ಕಡಿಮೆ ಮಾಡಬೇಕು. ಐದು ನಿಮಿಷಕ್ಕಿಂತ ಕೆಳಗೆ ಇಳಿದರೆ ಡೆವಲಪ್ ಸಮನಾಗಿ ಆಗದೆ ಪಟ್ಟೆ ಬೀಳುವ ಭಯ. ಹಾಗಾಗಿ ಬಕೆಟಿನಲ್ಲಿ ಮಂಜುಗಡ್ಡೆ ಹಾಕಿ, ಬಾಟಲಿಗಳನ್ನು ಅದರಲ್ಲಿ ಕೂರಿಸಿ, ಥರ್ಮಾಮೀಟರ್ ನೋಡುತ್ತಾ ಕುಳಿತುಕೊಳ್ಳಬೇಕು. ಡೆವಲಪರ್ ತಣ್ಣಗಿದ್ದು ತೊಳೆಯುವ ನೀರು ಬಿಸಿಯಿದ್ದರೂ ಆಗದು, ಫಿಲ್ಮಿನ ಲೇಪ ಸುಕ್ಕುಗಟ್ಟಬಹುದು. ಇದನ್ನು ಬೇರೆ ಊರಿನ ಲ್ಯಾಬ್ ಹೇಳಿಕೊಡುತ್ತದೆಯೇ?

ಖರ್ಚಿನ ಮಾತು ಬಂತು, ಬರಲೇಬೇಕು. ಊಟಿಯಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಹೆಸರಿನ ಫಿಲ್ಮ್ ತಯಾರಿಸುತ್ತಿದ್ದ ಕಾಲ ಹೋಯಿತು, ಈಗ ಹೊರದೇಶದ ರೋಲ್ ಕೈ ಸುಡುತ್ತದೆ, ಒಪ್ಪಿದೆ. ಆದರೆ ದುಬಾರಿಯಾದದ್ದು ರೋಲ್, ತೊಳೆಯುವುದಲ್ಲ. ಡಿ-76 ಡೆವಲಪರಿನ ಸೂತ್ರ ಗುಟ್ಟೇನಲ್ಲ: ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಮನೆಯಲ್ಲಿ ಕತ್ತಲೆಕೋಣೆ ಎಲ್ಲಿದೆ ಎಂದು ಕೇಳಬೇಡಿ. ರೋಲನ್ನು ಬೆಳಕು ನುಗ್ಗದ ಪುಟ್ಟ ಡೆವಲಪಿಂಗ್ ಟ್ಯಾಂಕಿನೊಳಗೆ ಸೇರಿಸುವಷ್ಟು ಹೊತ್ತು ಮಾತ್ರ ಪೂರ್ತಿ ಕತ್ತಲೆ ಬೇಕು, ಅದಕ್ಕೆ ತೋಳು ತೂರಿಸುವ ಕಪ್ಪು ಚೀಲ ಸಿಗುತ್ತದೆ. ಮುಚ್ಚಳ ಬಿಗಿದ ಮೇಲೆ ಅಡುಗೆಮನೆಯ ಸಿಂಕಿನ ಮುಂದೆ ನಿಂತು, ಹಾಡುಹಗಲೇ ತೊಳೆಯಬಹುದು.

ಕತ್ತಲೆ ನಿಜವಾಗಿ ಬೇಕಾಗುವುದು ಪ್ರಿಂಟಿಗೆ. ಅದರ ಸುಖ ಗೊತ್ತಿಲ್ಲದವರನ್ನು ಕಂಡರೆ ನನಗೆ ಕನಿಕರ. ನನ್ನಲ್ಲೊಂದು ನೆಗೆಟಿವ್ ಇದೆ: ಅಂಗಳದ ತುಂಬ ಒಣಗಲು ಹರಡಿದ ಅಡಿಕೆ, ಮಾಡಿನ ನೆರಳಿನಲ್ಲಿ ಅದನ್ನು ಸುಲಿಯುತ್ತಾ ಕುಳಿತ ನಮ್ಮ ಅತ್ತೆ. ನೇರವಾಗಿ ಪ್ರಿಂಟ್ ಹಾಕಿದರೆ ಅಂಗಳ ಬರಿ ಬಿಳಿ, ಅತ್ತೆಯ ಮುಖ ಮಸಿ. ಕೆಂಪು ದೀಪದಡಿ ಕಾಗದದ ತುಂಡೊಂದಕ್ಕೆ ಐದೈದು ಸೆಕೆಂಡಿನಂತೆ ಬೆಳಕು ಕೊಟ್ಟು, ಎಷ್ಟು ಹೊತ್ತು ಸಾಕೆಂದು ಪಟ್ಟಿ ನೋಡಿಕೊಳ್ಳಬೇಕು. ಆಮೇಲೆ ತಂತಿಯ ತುದಿಗೆ ಅಂಟಿಸಿದ ರಟ್ಟಿನ ಬಿಲ್ಲೆಯನ್ನು, ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರಿನ ಬೆಳಕಿಗೆ ಅಡ್ಡ ಹಿಡಿದು, ನಿಲ್ಲಿಸದೆ ಅಲ್ಲಾಡಿಸುತ್ತಾ, ಮುಖಕ್ಕೆ ಬೀಳುವ ಬೆಳಕನ್ನು ಕಡಿಮೆ ಮಾಡಬೇಕು, ಕಾಗದಕ್ಕೆ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದಲ್ಲ. ಅಂಗಳಕ್ಕೆ ಮಾತ್ರ ಇನ್ನಷ್ಟು ಬೆಳಕು. ಕಾಗದ ಟ್ರೇಯೊಳಗೆ ಮುಳುಗಿದ ಸ್ವಲ್ಪ ಹೊತ್ತಿಗೆ ಮೊದಲು ಸೆರಗಿನ ಅಂಚು, ಆಮೇಲೆ ಹಣೆಯ ಗೆರೆ, ಕೊನೆಗೆ ಅಡಿಕೆಯ ಒಂದೊಂದು ಗೋಟು. ಸ್ಕ್ಯಾನ್ ಕಳುಹಿಸುವವನಿಗೆ ನಮ್ಮ ಅತ್ತೆಯ ಹಣೆ ಎಷ್ಟು ಬೆಳಗಬೇಕೆಂದು ಹೇಗೆ ಗೊತ್ತು?

ಹೇಳಿಬಿಡುತ್ತೇನೆ, ನನಗೆ ಶಿಬಿರಕ್ಕೆ ಬಂದಿದ್ದ ಆ ಹುಡುಗರ ಮೇಲೆ ಹೊಟ್ಟೆಕಿಚ್ಚೂ ಇದೆ. ಅವರ ಕೈ ನಡುಗುವುದಿಲ್ಲ, ಕಣ್ಣು ಚುರುಕು, ಮುಂದೆ ಬೇಕಾದಷ್ಟು ವರ್ಷಗಳಿವೆ. ಅಂಥವರಿಗೆ ಅರ್ಧ ವಿದ್ಯೆ ಕೊಟ್ಟು ಪ್ರಮಾಣಪತ್ರ ಹಂಚುತ್ತಾರಲ್ಲ, ಅದಕ್ಕೇ ಈ ಉರಿ.

ಕಲಿಯಬೇಕೆನ್ನುವವರು ಭಾನುವಾರ ಸಂಜೆ ನಮ್ಮ ಮನೆಗೆ ಬನ್ನಿ. ಶುಲ್ಕವಿಲ್ಲ, ಪ್ರಮಾಣಪತ್ರವೂ ಇಲ್ಲ. ರೋಲ್ ನಿಮ್ಮದು, ಮಂಜುಗಡ್ಡೆಯೂ ನೀವೇ ತನ್ನಿ, ನಮ್ಮ ಫ್ರಿಜ್ಜಿನಲ್ಲಿ ಮೀನಿಗೇ ಜಾಗವಿಲ್ಲ. ಮೂಡಿದ ಚಿತ್ರವನ್ನು ಕೆಡದಂತೆ ನಿಲ್ಲಿಸುವ ದ್ರಾವಣ ಹೈಪೋ; ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ಕ್ಯಾನಿನಲ್ಲಿ ತುಂಬಿಡುತ್ತೇನೆ, ಯಾರೂ ಬಾವಿಕಟ್ಟೆಯ ಕಡೆ ಚೆಲ್ಲಕೂಡದು. ಎಂಡೋಸಲ್ಫಾನ್ ಕಂಡ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊಬೈಲನ್ನು ಜಗಲಿಯಲ್ಲೇ ಬಿಟ್ಟು ಒಳಗೆ ಬನ್ನಿ. ನಡುವೆ ಪರದೆ ಮಿನುಗಿದರೆ ಕಾಗದ ಕಪ್ಪಾಗುತ್ತದೆ, ಅದರ ದುಡ್ಡು ನಿಮ್ಮಿಂದಲೇ ವಸೂಲಿ.