ಒನಕೆ ನಿಂತ ಮಂಗಳವಾರ

ಲೋಟದ ತುಂಬ ನೀರು ತುಂಬಿ, ಬಾಯಿಗೆ ದಪ್ಪ ಕಾಗದ ಮುಚ್ಚಿ, ತಲೆಕೆಳಗು ಮಾಡಿ ಕೈ ಬಿಟ್ಟರೆ ನೀರು ಬೀಳುವುದಿಲ್ಲ. ಇದು ಪುಸ್ತಕದ ಮಾತು. ನಮ್ಮ ಮನೆಯಲ್ಲಿ ಬಿತ್ತು. ಬಿದ್ದದ್ದು ಆಳಂದದಿಂದ ಬಂದಿದ್ದ ಬೀಗರ ಇಸ್ತ್ರಿ ಮಾಡಿದ ಧೋತರದ ಮೇಲೆ.

ಬೀಗರು ದೊಡ್ಡ ಮನಸ್ಸಿನವರು. "ಇರಲಿ ಬಿಡಿ, ಬಿಸಿಲಿದೆ, ಒಣಗುತ್ತದೆ" ಎಂದರು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಅದು ಹತ್ತು ನಿಮಿಷದ ಕೆಲಸ. ಸಿಟ್ಟು ಬಂದದ್ದು ಆಯಿಗೆ. ದಪ್ಪ ಕಾಗದವೆಂದು ನಾನು ಮುಚ್ಚಿದ್ದು ಯಾರದೋ ಲಗ್ನಪತ್ರಿಕೆ. ಅದರ ಮೇಲೆ ಶರಣಬಸವೇಶ್ವರರ ಚಿತ್ರವಿತ್ತು. "ಶರಣರನ್ನು ತಲೆಕೆಳಗು ಮಾಡಿದರೆ ನೀರು ನಿಲ್ಲುತ್ತದೆಯೇ?" ಎಂದು ಕೇಳಿದಳು. ಈ ಪ್ರಶ್ನೆಗೆ ನನ್ನ ಬಿ.ಎಸ್ಸಿ.ಯಲ್ಲಿ ಉತ್ತರವಿರಲಿಲ್ಲ.

ಬೀಗರನ್ನು ಬಸ್ ಹತ್ತಿಸಿ ಬಂದ ಮೇಲೆ ಲೋಟವನ್ನು ತಿರುಗಿಸಿ ನೋಡಿದೆ. ನಮ್ಮ ಮದುವೆಯಲ್ಲಿ ಉಡುಗೊರೆ ಬಂದ ಸ್ಟೀಲ್ ಲೋಟ, ಕೊಟ್ಟವರ ಹೆಸರನ್ನು ಕಂಠದ ಕೆಳಗೆ ಕೊರೆಸಿದ್ದಾರೆ. ಇಪ್ಪತ್ತು ವರ್ಷ ಶಹಾಬಾದಿ ಪರಸಿಯ ಮೇಲೆ ಬಿದ್ದು ಬಿದ್ದು ಅದರ ಅಂಚಿನಲ್ಲಿ ಜೋಳದ ಕಾಳು ಕೂರುವಷ್ಟು ತಗ್ಗಾಗಿತ್ತು. ಗಾಳಿಗೆ ಅಷ್ಟೇ ದಾರಿ ಸಾಕು. ಗಾಜಿನ ಲೋಟದಲ್ಲಿ ಮಾಡಿದಾಗ ಸೊಗಸಾಗಿ ನಿಂತಿತು, ಆದರೆ ನೋಡುವುದಕ್ಕೆ ಮಗಳೊಬ್ಬಳೇ ಇದ್ದಳು. ಅವಳಿಗೆ ಲೆಕ್ಕ ಹೇಳಿದೆ: ಲೋಟದ ಬಾಯಿ 7 ಸೆಂಟಿಮೀಟರ್ ಅಗಲ, ಅಂದರೆ ಸುಮಾರು 38 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಗಾಳಿ ಹತ್ತಿರ ಹತ್ತಿರ ಒಂದು ಕಿಲೋ ಭಾರದಷ್ಟು ಒತ್ತುತ್ತದೆ. ಕೆಳಗಿನಿಂದ 38 ಕಿಲೋ ಒತ್ತಡವಿರುವಾಗ ಮೇಲಿನ ಕಾಲು ಕಿಲೋ ನೀರು ಎಲ್ಲಿಗೆ ಹೋದೀತು? "ಹಾಗಾದರೆ ನನ್ನ ತಲೆಯ ಮೇಲೆ ಎಷ್ಟು ಅಪ್ಪಾ?" ಎಂದಳು. ಇನ್ನೂರು ಕಿಲೋಗೂ ಹೆಚ್ಚು ಎಂದೆ. ಒಳಗಿನಿಂದಲೂ ಅಷ್ಟೇ ಒತ್ತಡವಿರುತ್ತದೆ ಎಂಬ ಮುಂದಿನ ಮಾತನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಎರಡು ದಿನ ಪಾಟಿಚೀಲ ಹೊರಲಿಲ್ಲ. ತಲೆಯ ಮೇಲೆ ಮೊದಲೇ ಇನ್ನೂರು ಕಿಲೋ ಇದೆಯಂತೆ.

1650ರ ದಶಕದಲ್ಲಿ ಜರ್ಮನಿಯ ಮ್ಯಾಗ್ಡೆಬರ್ಗಿನ ಮೇಯರ್ ಆಟೊ ಫಾನ್ ಗೆರಿಕೆ ಎರಡು ಅರ್ಧಗೋಳಗಳನ್ನು ಬಾಯಿಗೆ ಬಾಯಿ ಕೂಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಕಡೆ ಕುದುರೆ ಕಟ್ಟಿ ಎಳೆಸಿದ. ಗೋಳ ಬಿಚ್ಚಿಕೊಳ್ಳಲಿಲ್ಲ. ಅವನಿಗೆ ಕುದುರೆಗಳಿದ್ದವು, ನನಗೆ ಬೀಗರಿದ್ದರು.

ಈ ಚಟ ನನಗೆ ಅಂಟಿದ್ದು ಹುಡುಗನಾಗಿದ್ದಾಗ. ನಮ್ಮೂರಿಗೆ 1984ರಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಬಂತು. ಶಾಲೆಯಿಂದ ಸಾಲುಗಟ್ಟಿ ಕರೆದುಕೊಂಡು ಹೋಗಿದ್ದರು. ಅಲ್ಲಿ ನೋಡಿದ್ದರಲ್ಲಿ ಅರ್ಧ ಮರೆತಿದ್ದೇನೆ. ಮುಟ್ಟಬೇಡ ಎಂದು ಯಾರೂ ಗದರಿಸಲಿಲ್ಲ ಎನ್ನುವುದೊಂದು ಮಾತ್ರ ಚೆನ್ನಾಗಿ ನೆನಪಿದೆ. ಮುಂದೆ ಸಿಕ್ಕಿದ್ದು ಲೆಕ್ಕಪತ್ರದ ನೌಕರಿ. ಚಟ ಭಾನುವಾರಕ್ಕೆ ಉಳಿಯಿತು.

ಮುಂದಿನ ಭಾನುವಾರ ಅರಿಸಿನ. ಅರಿಸಿನದ ನೀರು ಹಚ್ಚಿ ಒಣಗಿಸಿದ ಕಾಗದದ ಮೇಲೆ ಸಾಬೂನಿನ ನೀರಿನಿಂದ ಮಗಳ ಹೆಸರು ಬರೆದರೆ ಅಕ್ಷರ ಕೆಂಪಗೆ ಮೂಡುತ್ತದೆ. ಓಣಿಯ ಮಕ್ಕಳು ಹೋ ಎಂದರು. ಅರಿಸಿನದಲ್ಲಿರುವ ಕರ್ಕ್ಯುಮಿನ್, ಕ್ಷಾರ ತಗುಲಿದರೆ ಬಣ್ಣ ಬದಲಿಸುತ್ತದೆ ಎಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಯಿ ಎಲೆಯಡಿಕೆ ಡಬ್ಬಿ ತೆರೆದು, ಬೆರಳ ತುದಿಯ ಸುಣ್ಣವನ್ನು ಅರಿಸಿನದ ನೀರಿಗೆ ಅದ್ದಿ ತಿರುವಿದಳು. ನೀರು ರಕ್ತದಂತಾಯಿತು. "ಆರತಿಯ ನೀರು ಇನ್ನು ಹೇಗೆ ಮಾಡುತ್ತಾರೆ ಅಂದುಕೊಂಡಿದ್ದೀ? ಇದಕ್ಕೆ ಕಾಲೇಜು ಬೇಕಾಯಿತೇ?" ಮಕ್ಕಳೆಲ್ಲ ಅವಳ ಕಡೆ ಸರಿದರು. ಸಭೆ ಕೈಬಿಟ್ಟ ಭಾಷಣಕಾರನಂತೆ ನಿಂತಿದ್ದ ನಾನು ಕೊನೆಗೆ ಆ ಕೆಂಪು ನೀರಿಗೆ ಅರ್ಧ ಲಿಂಬೆಹಣ್ಣು ಹಿಂಡಿದೆ. ನೀರು ಮತ್ತೆ ಹಳದಿಯಾಯಿತು. ಆಯಿ ಏನೂ ಅನ್ನಲಿಲ್ಲ. ಮತ್ತೆ ಸುಣ್ಣ ಹಾಕಿದಳು, ಕೆಂಪು. ಮತ್ತೆ ಲಿಂಬೆ, ಹಳದಿ. ಆ ದಿನ ಊಟಕ್ಕೆ ಲಿಂಬೆ ಉಳಿಯಲಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಎದುರು ಮನೆಯ ಕಾಕು, ಗ್ರಹಣದ ಹೊತ್ತಿನಲ್ಲಿ ಮಾತ್ರ ನೀರಿನ ತಾಟಿನಲ್ಲಿ ಒನಕೆ ನೆಟ್ಟಗೆ ನಿಲ್ಲುತ್ತದೆ ಎಂದರು. ಯಾವ ದಿನ ಬೇಕಾದರೂ ನಿಲ್ಲುತ್ತದೆ ಎಂದೆ. ಪಣ ಬಿತ್ತು. ಮನೆಮನೆಗೂ ಮಿಕ್ಸರ್ ಬಂದ ಮೇಲೆ ಒನಕೆ ಸಿಗುವುದು ಗ್ರಹಣಕ್ಕಿಂತ ಅಪರೂಪ. ಸೇಡಂ ಕಡೆಯ ಹಳೆಯ ಮನೆಯ ಅಟ್ಟದಿಂದ ಬಸ್ಸಿನಲ್ಲಿ ತಂದೆ. ಕಂಡಕ್ಟರ್ ನನ್ನನ್ನೂ ಒನಕೆಯನ್ನೂ ಎರಡೆರಡು ಸಲ ನೋಡಿದ. ಮಂಗಳವಾರ ಸಂಜೆ, ಗ್ರಹಣ ಬಿಡಿ, ಹುಣ್ಣಿಮೆ ಅಮಾವಾಸ್ಯೆ ಯಾವುದೂ ಹತ್ತಿರವಿಲ್ಲದ ದಿನ, ಹತ್ತು ಹದಿನೈದು ಜನರ ಎದುರು ಕೂತೆ. ಒನಕೆಯ ತುದಿಯ ಕಬ್ಬಿಣದ ಬಳೆ ಸಮತಟ್ಟಾಗಿದ್ದರೆ, ಭಾರದ ನಡುಬಿಂದು ಆ ಬಳೆಯ ಮೇಲೆಯೇ ಬಂದರೆ ಸಾಕು. ಸೂರ್ಯಚಂದ್ರರ ಅಪ್ಪಣೆ ಬೇಡ. ಬೇಕಾದದ್ದು ತಾಳ್ಮೆ. ಎರಡು ಸಲ ವಾಲಿತು. ಮೂರನೆಯ ಸಲ, ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ ಉಸಿರು ಹಿಡಿದಿದ್ದಾಗ, ಒನಕೆ ನಿಂತಿತು. ತಾಟೂ ಇಲ್ಲ, ನೀರೂ ಇಲ್ಲ, ಬರೀ ಪರಸಿಯ ಮೇಲೆ.

ಕಾಕು ಅದರ ಸುತ್ತ ಒಂದು ಸುತ್ತು ಬಂದರು. "ಈ ಸಲದ ಗ್ರಹಣ ಬಹಳ ಜೋರಾಗಿತ್ತು ನೋಡಿ, ಅದರ ಬಲ ಇನ್ನೂ ಇಳಿದಿಲ್ಲ" ಎಂದರು. ಪಣದ ಹಣ ಇಂದಿಗೂ ಬಂದಿಲ್ಲ.

ಕೊನೆಯ ಪ್ರಯೋಗಕ್ಕೆ ನಾನು ಸಾಮಾನು ಹೊಂದಿಸುವ ಗೋಜಿಗೇ ಹೋಗಲಿಲ್ಲ, ಸೂರ್ಯನಿಗೇ ಬಿಟ್ಟೆ. ಭೂಮಿ ಇಪ್ಪತ್ತಮೂರೂವರೆ ಡಿಗ್ರಿ ವಾಲಿರುವುದರಿಂದ ಸೂರ್ಯ ವರ್ಷದಲ್ಲಿ ಎರಡು ಸಲ ನಮ್ಮ ನೆತ್ತಿಯ ಮೇಲೆ ನೇರವಾಗಿ ಹಾಯುತ್ತಾನೆ. ಕಲಬುರಗಿಗೆ ಮೇ 9ರ ಆಸುಪಾಸು, ಮತ್ತೆ ಆಗಸ್ಟ್ 3ರ ಆಸುಪಾಸು. ಮೇ ತಿಂಗಳಿನಲ್ಲಿ ಯಾದಗಿರಿಗೆ ಎರಡು ದಿನ ಮೊದಲೇ ತಲುಪಿರುತ್ತಾನೆ, ಬೀದರಿಗೆ ಎರಡು ಮೂರು ದಿನ ತಡವಾಗಿ ಹೋಗುತ್ತಾನೆ; ಆಗಸ್ಟಿನಲ್ಲಿ ಇದು ತಿರುವುಮುರುವು. ನಮ್ಮ ಬಸ್ಸುಗಳಂತಲ್ಲ, ವೇಳೆಗೆ ಸರಿಯಾಗಿ. ದೆಹಲಿಗೆ ಎಂದೂ ಹೋಗುವುದಿಲ್ಲ. ಆಗಸ್ಟಿನಲ್ಲಿ ಮೋಡದ ಭಯ. ಮೇ ತಿಂಗಳಿನಲ್ಲಿ ಇರುವ ಭಯ ಬೇರೆ: ಮಧ್ಯಾಹ್ನ 12 ಗಂಟೆ 19 ನಿಮಿಷಕ್ಕೆ ಕಲಬುರಗಿಯ ಮಾಳಿಗೆ ಹತ್ತಿ ಬನ್ನಿ ಎಂದು ಯಾರನ್ನಾದರೂ ಕರೆಯುವುದು ಹೇಗೆ?

ಆದರೂ ಬಂದರು. ತಲೆಗೆ ಟವೆಲ್, ಸೆರಗು, ಕೊಡೆ. ಕೊಡೆ ಮಡಚಿ ಎಂದು ಹೇಳುವುದೇ ದೊಡ್ಡ ಕೆಲಸವಾಯಿತು. ಕೂಲರ್ ರಿಪೇರಿಯ ಚಾಚಾ ಒಂದು ಮೊಳ ಪೈಪಿನ ತುಂಡು ತಂದರು. ಜುಲೈನಲ್ಲಿ ಕೂಲರ್ ಯಾಕೆ ತಂಪು ಕೊಡುವುದಿಲ್ಲ ಎಂದು ನಾನು ವಿವರಿಸಿದ್ದರಿಂದ ಅವರಿಗೆ ನನ್ನ ಮೇಲೆ ತುಸು ವಿಶ್ವಾಸ. ಹೊರಗೇ ತೇವ ತುಂಬಿದ್ದರೆ ಪ್ಯಾಡಿನ ನೀರು ಆರುವುದಾದರೂ ಎಲ್ಲಿ! ಪೈಪನ್ನು ನೆಟ್ಟಗೆ ನಿಲ್ಲಿಸಿದೆವು. ನೆರಳು ಬೆರಳಗಲವಾಯಿತು, ದಾರವಾಯಿತು, ಇಲ್ಲವಾಯಿತು. ಪೈಪಿನ ಒಳಗೆ ಬಿಸಿಲು ನೇರ ಇಳಿದು ತಳದ ಪರಸಿಯ ಮೇಲೆ ರೂಪಾಯಿಯಷ್ಟು ಬೆಳಕು ಬಿದ್ದಿತ್ತು. ಮಕ್ಕಳ ನೆರಳೆಲ್ಲ ಕಾಲಡಿಗೆ ಸೇರಿಕೊಂಡಿತ್ತು. ಒಬ್ಬ ಜಿಗಿದ, ನೆರಳು ಅವನನ್ನು ಬಿಟ್ಟು ಕೆಳಗೇ ಉಳಿದು, ಅವನು ಇಳಿಯುವುದನ್ನು ಕಾಯಿತು. ಆಮೇಲೆ ಎಲ್ಲರೂ ಜಿಗಿದರು, ಚಾಚಾ ಕೂಡ. ಕಾಲು ಸುಡುತ್ತಿದ್ದುದಕ್ಕೂ ಇರಬಹುದು.

ಆಯಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಅವಳಿಗೆ ತಪ್ಪಿತಲ್ಲ ಎಂದುಕೊಂಡು ಇಳಿದು ಬಂದೆ. ಅಂಗಳದ ನಟ್ಟನಡುವೆ ಒನಕೆ ಒಂಟಿಯಾಗಿ ನಿಂತಿತ್ತು, ಸುತ್ತ ಎಲ್ಲಿಯೂ ಒಂದೆಳೆ ನೆರಳಿಲ್ಲ. ಬಾಗಿಲ ಚೌಕಟ್ಟಿನೊಳಗೆ ಆಯಿ, ಅವಳ ಪಕ್ಕದಲ್ಲಿ ಕಾಕು. ನಿಲ್ಲಿಸಿದವರು ಯಾರು ಎಂದು ಕೇಳಿದೆ, ಇಬ್ಬರೂ ಹೇಳಲಿಲ್ಲ. ಹತ್ತಿರ ಹೋದೆ. ಒನಕೆಗೆ ಅರಿಸಿನ ಕುಂಕುಮ ಹಚ್ಚಿದ್ದರು.